ಕಹಿ ಇಲ್ಲದ ಬಾಟ್ಲಿ

...ಅಲ್ಲ ಅಳಿಯಂದ್ರೇ, ವಾಪಸ್ ತಗೊಳ್ಳಿ ಅಂದ್ರೆ ತಗೊಳ್ಳಿ! ಅತ್ತೆ ಅಂತ ನೀವು ಮುಲಾಜು ನೋಡಬೇಡಿ, ಅಳಿಯನ ಮೆಡಿಕಲ್ ಶಾಪು ಅಂತ ನಾನೂ ನೋಡಲ್ಲ. ಮಾಲು ಸರಿ ಇಲ್ಲ. ಕಣ್ಣಿನ ಡ್ರಾಪ್ಸು ಅಂತ ಯಾರೋ ನೀರು ತುಂಬಿ ನಿಮ್ಮ ತಲೆಗೆ ಕಟ್ಟಿದಾರೆ, ನೀವು ನನ್ನ ತಲೆಗೆ ಕಟ್ಟಿದೀರಿ.

ಸೀಲು? ಸೀಲಿದ್ರೇನು! ಸೀಲು ಹೊಡೆಯೋಕೆ ಬರದೇ ಇರೋ ಕಳ್ಳ ಯಾರಿದಾನೆ? ನಗಬೇಡಿ. ನಗು ಬರೋ ವಿಷಯ ಅಲ್ಲ ಇದು.

ಹೇಗೆ ಗೊತ್ತಾಯ್ತಾ? ಕಹಿ ಇಲ್ಲ! ಮೊದಲನೇ ಬಾಟ್ಲಿ ಹಾಕ್ಕೊಂಡಾಗ ಗಂಟಲ ತನಕ ಕಹಿ ಇಳೀತಿತ್ತು. ಆವತ್ತು ಓಡಿ ಬಂದು ಕೇಳಿದ್ದೆ, ನೆನಪಿದೆಯಾ? ಕಣ್ಣಿಗೆ ಹಾಕಿದ್ರೆ ಬಾಯಿಗೆ ಹೇಗೆ ಬಂತು ಅಂತ. ನೀವೇ ಹೇಳಿದ್ರಿ, ಕಣ್ಣಿನ ಮೂಲೇಲಿ ಸಣ್ಣ ತೂತಿದೆ ಅತ್ತೇ, ಅಲ್ಲಿಂದ ಮೂಗಿಗೆ, ಮೂಗಿಂದ ಗಂಟಲಿಗೆ ಇಳಿಯುತ್ತೆ, ಹಾಕ್ಕೊಂಡ ಮೇಲೆ ಆ ಮೂಲೆ ಸ್ವಲ್ಪ ಹೊತ್ತು ಒತ್ತಿ ಹಿಡ್ಕೊಳ್ಳಿ ಅಂತ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ, ಹಾಗಾಯ್ತು ಅಂತ ನಕ್ಕಿದ್ವಲ್ಲ ಇಬ್ರೂ.

ಇಲ್ಲ, ಒತ್ತಿ ಹಿಡೀಲಿಲ್ಲ. ಯಾಕೆ ಅಂದ್ರೆ... ಮರೀತಿದ್ದೆ. ಇರಲಿ ಬಿಡಿ! ಒತ್ತಿದ್ರೇನು, ಬಿಟ್ರೇನು?

ಇವರಿಗೆ ಮೊದಲು ಕೊಟ್ಟು ಕಳಿಸಿ. ಪಾಪ, ಮಗೂನ ಎತ್ಕೊಂಡು ನಿಂತಿದಾರೆ. ನಾನೇನೂ ಓಡಿಹೋಗಲ್ಲ. ಕೆಮ್ಮಾ ತಾಯಿ ಮಗೂಗೆ? ಹುಷಾರಾಗುತ್ತೆ, ಹೋಗಿ ಬನ್ನಿ.

ಹಾಂ. ಈ ಡ್ರಾಪ್ಸಲ್ಲಿರೋ ನಿಮ್ಮ ಸಿಪ್ರೋ ಔಷಧಿ ಇದೆಯಲ್ಲ, ಅದರ ಜಾತಕ ನನಗೆ ಗೊತ್ತಿಲ್ಲ ಅಂದ್ಕೋಬೇಡಿ. ಉರಿಮೂತ್ರಕ್ಕೆ ಅಂತ ಡಾಕ್ಟರಮ್ಮ ಮಾತ್ರೆ ಕೊಟ್ಟಾಗ ಏನಾಯ್ತು? ಹೊಟ್ಟೆ ತೊಳೆಸ್ತು, ತಲೆ ಗಿರ್ರಂತು. ಆಮೇಲೆ ಹಿಮ್ಮಡಿ ಹಿಡ್ಕೊಂಡು ಕುಂಟ್ತಾ ಬಂದೆ. ಈ ಮಾತ್ರೆಗೆ ಹಿಮ್ಮಡಿ ನರ ಹರಿಯೋದೂ ಉಂಟು ಅಂತ ನೀವು ಗಾಬರಿ ಬಿದ್ದು ಡಾಕ್ಟರಮ್ಮಂಗೆ ಫೋನ್ ಮಾಡಿ ನಿಲ್ಲಿಸಿಬಿಟ್ರಿ. ಮೊಮ್ಮಗಳ ಕಿವಿ ಸೋರಿದಾಗಲೂ ಅದೇ ಔಷಧಿ, ತುರಿಸುತ್ತೆ ಅಜ್ಜೀ ತುರಿಸುತ್ತೆ ಅಂತ ಮಗು ತಲೆ ಕೊಡವ್ತಿತ್ತು. ಒಂದೇ ಔಷಧಿ, ಹೋದ ಕಡೆಯೆಲ್ಲಾ ಒಂದೊಂದು ಚೇಷ್ಟೆ. ಹೊಟ್ಟೇಲಿ ಒಂದು, ಕಿವೀಲಿ ಒಂದು, ಕಣ್ಣಲ್ಲಿ ಇನ್ನೊಂದು. ಒಪ್ಪಿದೆ. ಆದ್ರೆ ಚೇಷ್ಟೇನೇ ಮಾಡದೆ ಸುಮ್ಮನೆ ಕೂತಿದೆ ಅಂದ್ರೆ ಅದು ಔಷಧೀನೇ ಅಲ್ಲ!

ಏನು ನೋಡ್ತಿದೀರಿ? ಕಣ್ಣಾ? ನೋಡಿ, ಹತ್ತಿರ ಬಂದು ನೋಡಿ. ಕೆಂಪಿಲ್ಲ. ಪಿಸುರಿಲ್ಲ. ವಾಸಿಯಾಗಿದೆ, ಯಾರು ಇಲ್ಲ ಅಂದ್ರು?

ಹಾಗಾದ್ರೆ ಯಾಕೆ ಹಾಕ್ಕೋತೀರಿ ಅಂದ್ರೆ... ಬೇರು ಸಮೇತ ಹೋಗ್ಲಿ ಅಂತ! ಡಾಕ್ಟರು ಸಾಕು ಅಂದಿದ್ರಾ? ಅಂದಿರಬಹುದು. ಡಾಕ್ಟರು ನೂರು ಅಂತಾರೆ. ಈ ಮಾತು ನನ್ನ ಮಗಳ ಕಿವಿಗೆ ಹಾಕಬೇಡಿ ಮಾರಾಯರೇ, ರಾಮಾಯಣ ಮಾಡ್ತಾಳೆ.

ನಾಳೆ ಚಹಾ ಫ್ಯಾಕ್ಟರಿ ಯಜಮಾನರ ಎದುರಿಗೆ ರುಚಿ ನೋಡೋಕೆ ಕೂರಬೇಕು ನಾನು. ಗೊತ್ತಲ್ಲ ನಿಮಗೆ? ಹೊಗೆ ಹಿಡಿದ ಚಹಾ ಪಾಸ್ ಮಾಡ್ಬಿಟ್ಟೆ ಅಂತ ರಂಪ. ಒಣಗಿಸೋ ಒಲೆ ಎಲ್ಲೋ ಸೋರಿ ಇಡೀ ಮಾಲಿಗೆ ಹೊಗೆ ಕುಡಿಸಿತ್ತು. ಕೊಂಡೋರು ಪೆಟ್ಟಿಗೆ ಸಮೇತ ವಾಪಸ್ ಕಳಿಸಿದ್ರು. ಏನಮ್ಮಾ ಇದು, ನಮ್ಮ ವಾಚ್‌ಮನ್ನಿಗೂ ಗೊತ್ತಾಗೋ ಹೊಗೆ ನಿಮಗೆ ಗೊತ್ತಾಗ್ಲಿಲ್ವಾ ಅಂದ್ರು ಯಜಮಾನರು. ನಾನೂ ಮುಖ ಎತ್ತಿ ಹೇಳ್ದೆ, ಕಣ್ಣಿನ ಔಷಧಿ ಇಳಿದು ನಾಲಿಗೆ ಕಹಿಯಾಗಿದೆ, ಔಷಧಿ ಮುಗೀಲಿ, ಆಮೇಲೆ ಮಾತಾಡಿ. ಸರಿ, ಮುಗಿಸ್ಕೊಂಡು ಬನ್ನಿ, ನನ್ನ ಮುಂದೆ ರುಚಿ ನೋಡಿ ಹೇಳಿ, ಇಲ್ಲಾಂದ್ರೆ ಆ ಕುರ್ಚಿ ಬೇರೆಯವರಿಗೆ ಅಂದ್ಬಿಟ್ರು. ಹಿಂದೆ ಯಾರೋ ಗೊಣಗ್ತಿದ್ರು, ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ ಅಂತ. ಕೇಳಿಸ್ತು ನನಗೆ. ಕಿವಿ ಚೆನ್ನಾಗಿದೆ.

ನಾನು ಕುಣಿಯಲಾರದೋಳಾ! ಸಾಲಾಗಿ ಬಿಳಿ ಬಟ್ಟಲು ಇಟ್ರೆ, ಒಂದೊಂದೇ ಚಮಚ ಸೊರ್ರಂತ ಎಳ್ಕೊಂಡು, ನಾಲಿಗೆ ಮೇಲೆ ಹೊರಳಿಸಿ, ಡಬ್ಬಕ್ಕೆ ಉಗಿದು, ಇದು ಎಳೇ ಎಲೆ, ಇದು ಬಲಿತಿದ್ದು, ಇದು ಸರಿಯಾಗಿ ಬಾಡಿಲ್ಲ ಅಂತ ನಡೀತಾ ನಡೀತಾ ಹೇಳ್ತಿದ್ದೋಳು. ಈ ನಾಲಿಗೆಗೋಸ್ಕರ ಹಸಿ ಈರುಳ್ಳಿ ಮುಟ್ಟಲಿಲ್ಲ, ಬೆಳ್ಳುಳ್ಳಿ ಮುಟ್ಟಲಿಲ್ಲ, ಮುಖಕ್ಕೆ ಪೌಡರ್ ಹಾಕಲಿಲ್ಲ. ನಿಮ್ಮ ಮದುವೇಲಿ ಸೆಂಟು ಬಳ್ಕೊಂಡು ಬಂದ ನಿಮ್ಮ ಸೋದರಮಾವನ್ನ ಹಿಂದಿನ ಸಾಲಿಗೆ ಕಳಿಸಿದ್ದೆ, ಅವರು ಇನ್ನೂ ನನ್ನ ಹತ್ರ ಮಾತಾಡಲ್ಲ. ನಿಮ್ಮ ಹೆಂಡತಿ ತಿಂದ ಅನ್ನ, ಓದಿದ ಓದು, ಎಲ್ಲಾ ಈ ನಾಲಿಗೆ ದುಡಿದಿದ್ದು!

ಆದ್ದರಿಂದ ಬೇರೆ ಬಾಟ್ಲಿ ಕೊಡಿ. ನಿಜವಾದ್ದು. ಕಹಿ ಇರೋದು. ಔಷಧಿ ಇನ್ನೂ ನಡೀತಿದೆ ಅಂತ ಯಜಮಾನರಿಗೆ ಒಂದು ಫೋನೂ ಮಾಡಿ. ಸುಳ್ಳಲ್ಲವಲ್ಲ? ಹಾಕ್ಕೋತಾನೇ ಇದೀನಿ.

ಬೇರೆ ಡಾಕ್ಟರಿಗೆ ತೋರಿಸೋದಾ? ಏನನ್ನ, ನಾಲಿಗೇನಾ? ನನ್ನ ನಾಲಿಗೆಗೆ ಏನಾಗಿದೆ ಅಂತ! ನಿಮ್ಮ ಬಾಟ್ಲೀಗೆ ಆಗಿರೋದು. ಬೆಳಿಗ್ಗೆ ಕಣ್ಣಿಗೆ ಹಾಕಿ ಕಾದೆ, ಕಾದೆ, ಏನೂ ಬರ್ಲಿಲ್ಲ. ಆಮೇಲೆ ನೇರ ನಾಲಿಗೆ ಮೇಲೇ ಬಿಟ್ಕೊಂಡೆ. ಹೌದು, ಬಿಟ್ಕೊಂಡೆ, ಬೈಬೇಡಿ! ನೀರು. ಬರೀ ನೀರು. ನಂಬಿಕೆ ಇಲ್ವಾ? ನೀವೇ ಒಂದು ತೊಟ್ಟು ನೆಕ್ಕಿ ನೋಡಿ. ಯಾಕೆ, ಭಯಾನಾ? ಹಾಗಾದ್ರೆ ಅತ್ತೆ ಹೇಳಿದ್ದು ನಿಜ ಅಂತ ಒಪ್ಕೊಳ್ಳಿ!

ಹಾಂ, ಹಾಗೆ. ಬೆರಳ ಮೇಲೆ ಹಾಕ್ಕೊಳ್ಳಿ. ನೆಕ್ಕಿ. ಹೇಳಿ ಈಗ...

ಯಾಕೆ?

ಯಾಕೆ ಮುಖ ಕಿವುಚಿದ್ರಿ? ನಾಟಕ ಆಡಬೇಡಿ ನನ್ನ ಹತ್ರ. ನೀರು ಯಾಕೆ ಕುಡೀತಿದೀರಿ? ಬಾಯಿ ಮುಕ್ಕಳಿಸೋವಷ್ಟು ಏನಿತ್ತು ಅದರಲ್ಲಿ? ಮತ್ತೆ ಕುಡೀತಿದೀರಲ್ಲ... ಅಷ್ಟಾ? ಅಷ್ಟೊಂದಾ?

ಏನಾದ್ರೂ ಹೇಳಿ ಅಳಿಯಂದ್ರೇ. ತಮಾಷೆ ಮಾಡ್ದೆ ಅತ್ತೇ ಅಂತಾದ್ರೂ ಹೇಳಿ.

ಮೊದಲನೇ ಬಾಟ್ಲೀದು ಗೊತ್ತಾಗ್ತಿತ್ತು. ದೇವರಾಣೆ ಗೊತ್ತಾಗ್ತಿತ್ತು! ಆ ಕಹಿ ಬಂದ ದಿನ ಅಡುಗೆಮನೇಲಿ ಒಬ್ಬಳೇ ನಿಂತು ನಕ್ಕುಬಿಟ್ಟಿದ್ದೆ. ಬಂತು, ಇಷ್ಟು ದಿನದ ಮೇಲೆ ನಾಲಿಗೆಗೆ ಏನೋ ಒಂದು ಬಂತು ಅಂತ...

ಮುಖ ಆ ಕಡೆ ತಿರುಗಿಸ್ಕೋಬೇಡಿ. ತಿರುಗಿಸಿದ್ರೂ ಅಷ್ಟೇ. ಮುಖ ನೋಡಿ ತಿಳ್ಕೊಳ್ಳೋದು ಅಭ್ಯಾಸ ಆಗಿಹೋಗಿದೆ ನನಗೆ. ಆ ದೊಡ್ಡ ಜ್ವರ ಬಂದು ಹೋದಾಗಿಂದ... ಕಣ್ಣು ನೋವಿಗೂ ಮುಂಚೆಯಿಂದ... ನನ್ನ ಕೈಕೆಳಗಿನ ಹುಡುಗಿ ಇದಾಳಲ್ಲ, ಅವಳಿಗೆ ಮೊದಲು ರುಚಿ ನೋಡೋಕೆ ಹೇಳ್ತೀನಿ. ಕಲೀಲಿ ಅಂತ ಅಂದ್ಕೋತಾಳೆ ಪಾಪ. ಅವಳ ಹುಬ್ಬು ನೋಡ್ತೀನಿ, ತುಟಿ ನೋಡ್ತೀನಿ. ಆಮೇಲೆ ನಾನೂ ಒಂದು ಚಮಚ ಸೊರ್ರಂತ ಎಳೆದು ಹೇಳ್ತೀನಿ, ಇದು ಪಾಸು, ಇದು ಬೇಡ. ಒಂದು ಸಲಾನೂ ತಪ್ಪಿರಲಿಲ್ಲ ಅಳಿಯಂದ್ರೇ, ಒಂದು ಸಲಾನೂ!

ಹೊಗೆ ಹಿಡಿದ ಮಾಲು ಬಂದ ದಿನ ಅವಳಿಗೆ ನೆಗಡಿಯಾಗಿತ್ತು.