ನೀಲಾವತಿಯವರು ಮಗುವಾಗಿ ಆಡಿದ ಮಾತು

—ನಿನ್ನೆ ದೂಜರ ಮನೆಯಲ್ಲಿ ಅರ್ಧಕ್ಕೆ ನಿಲ್ಲಿಸಿದ್ದೆನಲ್ಲ, ಅಲ್ಲಿಂದಲೇ ಹೇಳುತ್ತೇನೆ. ಸೇರಿರುವ ಬಂಧುಗಳೇ, ನಮ್ಮನ್ನಗಲಿದ ನೀಲಾವತಿಯವರ ತಮ್ಮ ದೂಜರೇ, ನಮಸ್ಕಾರ. ಮುಂದಿನ ಸಾಲಿನಲ್ಲಿ ಮಲಾಡಿನ ಗುರುಬಾಯಿ, ಮಗಳು ದಾನವ್ವ ಕೂತಿದ್ದಾರೆ. ಅವರ ಸಾವಿನ ಸುದ್ದಿ ಕೇಳಿದಂದಿನಿಂದ ಈ ಮಗು ಮತ್ತೆ ಮಾತು ಬಿಟ್ಟಿದೆ. ಮತ್ತೆ — ಯಾಕೆಂದರೆ ಮೊದಲೂ ಒಮ್ಮೆ ಹೀಗಾಗಿತ್ತು.

ಚೆಂಬೂರಿನ ಈ ಹಾಲ್‌ನಲ್ಲೇ ನೀಲಾವತಿಯವರು ನಮಗೆ ತರಬೇತಿ ಕೊಟ್ಟಿದ್ದು. ತಾಯಿಗೂ ಮಗುವಿಗೂ ಮಾತು ಕೆಟ್ಟ ಮನೆಗಳಿಗೆ ಹೋಗಿ, ಕೂತು, ಕೇಳುವ ಕೆಲಸಕ್ಕೆ. ದೂಜರು ಚುಡಾಯಿಸುತ್ತಿದ್ದರು: "ಅಕ್ಕಾ, ಮಕ್ಕಳಿಲ್ಲದ ನೀನು ಅಮ್ಮಂದಿರಿಗೆ ಪಾಠ ಹೇಳುದಾ?"

"ಅನ್ನ ಮಾಡ್ಲಿಕ್ಕೆ ಬಾರದ ನೀನು ಹೋಟೆಲು ನಡೆಸುದಿಲ್ವಾ?"

ನಗಿ, ನಗಿ. ಅವರೂ ನಗುತ್ತಿದ್ದರು.

ಪಾಠ ಅಂದರೆ ಆಟ. ಒಬ್ಬರು ತಾಯಿ, ಒಬ್ಬರು ಮಗು. ಇಂಗ್ಲಿಷಿನಲ್ಲಿ ಅದಕ್ಕೆ ರೋಲ್... ರೋಲ್ ಏನೋ — ಕಾಲೇಜಿನಲ್ಲಿ ಓದಿದ್ದು, ಹೋಯಿತು. ನನ್ನಾಕೆ ಇದ್ದಿದ್ದರೆ ನೆನಪಿಸುತ್ತಿದ್ದಳು. ಆಟ ಮುಗಿದ ಮೇಲೆ ನಲ್ಲಿಯಲ್ಲಿ ಮುಖ ತೊಳೆದು, ಅವರವರ ಹೆಸರು ಗಟ್ಟಿಯಾಗಿ ಹೇಳಿಯೇ ಹೊರಡಬೇಕು. "ಬೇರೆಯವರ ಮಗುವನ್ನು ಮೈಮೇಲೆ ಹೊತ್ತು ಲೋಕಲ್ ರೈಲು ಹತ್ಬಾರದು ಮಾರಾಯ್ರೆ" ಅನ್ನುತ್ತಿದ್ದರು.

ಹೋದ ವರ್ಷ, ಎಪ್ಪತ್ಮೂರರಲ್ಲಿ, ದಾನವ್ವನ ಅಪ್ಪ, ವಿಜಾಪುರದಿಂದ ಬಂದಿದ್ದ ಖಂಡಪ್ಪ, ಗೋರೆಗಾಂವ್‌ನಲ್ಲಿ ಬಿಲ್ಡಿಂಗ್ ಕೆಲಸದಲ್ಲಿ ಬಿದ್ದು ತೀರಿಕೊಂಡ. ಮಗು ಮಾತು ಬಿಟ್ಟಿತು. ಹೆತ್ತವಳ ಹತ್ತಿರವೂ ಇಲ್ಲ. ಆ ಮನೆಗೆ ಹೋಗುವ ಹಿಂದಿನ ಸಂಜೆ ಇಲ್ಲಿ ಅಭ್ಯಾಸ. ನೀಲಾವತಿಯವರು ದಾನವ್ವ. ನಾನು ಗುರುಬಾಯಿ — ಟವೆಲ್ಲನ್ನು ತಲೆಗೆ ಹೊದ್ದು, ಹೀಗೆ. ಬಾಗಿಲು ಹಾಕಿದ ಹಾಗೆ ಸುಮ್ಮನೆ ಕೈ ಮಾಡಿದೆ — ಹೀಗೆ. ಅವರು ಅಂದರು:

"ಬಾಗಲಾ ಹಾಕಬ್ಯಾಡ ಯವ್ವಾ. ಅಪ್ಪ ಹೊರಗ ನಿಂತಾನ."

ಉಡುಪಿ ಕಡೆಯ ಹೆಂಗಸು. ವಿಜಾಪುರದ ಆ ಮಾತು ಆ ಬಾಯಿಗೆ ಹೇಗೆ ಬಂತು? ದನಿಯೂ ಅವರದಲ್ಲ. ಆವತ್ತು ಯಾರೂ ನಲ್ಲಿಯ ಕಡೆ ಹೋಗಲಿಲ್ಲ. ಅವರೂ ಹೋಗಲಿಲ್ಲ, ಹೆಸರೂ ಹೇಳಲಿಲ್ಲ.

ಮರುದಿನ ಮಲಾಡಿನ ಚಾಳಿನಲ್ಲಿದ್ದ ಅವರ ಮನೆಗೆ ಹೋದರೆ ಗುರುಬಾಯಿ ಹೊಸ್ತಿಲಲ್ಲೇ ಹಿಡಿದಳು: "ಸಾಹೇಬ್ರ, ನಿನ್ನಿ ಸಂಜಿಮುಂದ ನನ್ನ ಕೂಸು ಮಾತಾಡೇತ್ರಿ!"

ಏನಂತು? — ಅದೇ ಮಾತು. ಒಂದಕ್ಷರ ಆಚೀಚೆ ಇಲ್ಲ.

ನೀಲಾವತಿಯವರು ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿದರು, "ಅಪ್ಪ ಈಗ ಎಲ್ಲಿ ಮಗಾ?"

"ನಿಮ್ ಹಿಂದ."

ಹಿಂದೆ ಖಾಲಿ ಪ್ಯಾಸೇಜು. ನಾನು ತಿರುಗಿ ನೋಡಿದೆ, ಅವರು ನೋಡಲಿಲ್ಲ. ದಾರಿ ಬಿಟ್ಟು ಪಕ್ಕಕ್ಕೆ ಸರಿದರು — ಅಷ್ಟೆ. ಗುರುಬಾಯಿಗೆ ಹೇಳಿದರು: "ಅಲ್ಲಿ ಯಾರೂ ಇಲ್ಲ ಅಂತ ಮಾತ್ರ ಹೇಳ್ಬೇಡಿ. ಅವಳು ಹೇಳಿ ಮುಗಿಸ್ಲಿ. ನೀವು ಕೇಳಿ." ಆಕೆ ಅಳುತ್ತಾ ಕೇಳಿದಳು. ಮಗಳು ಹೇಳಿದಳು, ಹೇಳಿದಳು... ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು. ದಟ್ ಈಸ್ ದಿ ಟ್ರೈನಿಂಗ್, ಸ್ವಾಮಿ. ಮಿಕ್ಕಿದ್ದು ನನಗೆ ಅರ್ಥವಾಗಿಲ್ಲ, ಅವರೂ ಹೇಳಿ ಹೋಗಲಿಲ್ಲ.

ಇನ್ನೂ ಒಂದು ಮಾತಿತ್ತು — ಅರೆ, ಬೆಳಕು ಹೋಗುತ್ತಿದೆಯಲ್ಲ! ಹಿಂದಿನ ಸಾಲಿನವರ ಮುಖವೇ ಕಾಣುತ್ತಿಲ್ಲ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಅವರಿಗಾಗಿ ಸ್ವಲ್ಪ ಹೊತ್ತು ಮೌನ.

ದಾನವ್ವಾ, ನೀನು ಮಾತ್ರ ಸುಮ್ಮನಿರಬೇಡ ಮಗಾ. ನಿನಗೆ ಏನು ಕಾಣುತ್ತದೋ ಅದನ್ನೇ ಹೇಳು. ನಾವು ಅದನ್ನು ಕೇಳುವುದಕ್ಕೇ ಬಾಯಿ ಮುಚ್ಚಿ ನಿಂತಿದ್ದೇವೆ.