ನಗು ನಿಲ್ಲುವವರೆಗೆ

ಇದು ಕಟ್ಟುಕತೆಯಲ್ಲ. ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು. ನಂಬದವರು ಈಗಲೇ ಎದ್ದು ಹೋಗಿ ಮಲಗಬಹುದು.

ಅಕ್ಕ ನಾಟಕ ಕಂಪನಿಗೆ ಬಟ್ಟೆ ಹೊಲಿಯುವವಳು. ಅವತ್ತು ಹೊತ್ತು ಮೀರಿತ್ತು. ಹಾಳುಬಾವಿಯ ಪಕ್ಕದ ದಾರಿಯಲ್ಲಿ ಒಬ್ಬಳೇ ಮನೆಗೆ ಬರುತ್ತಿದ್ದಳು. ಚೀಲದಲ್ಲಿ ಕಂಪನಿಯವರು ಕೊಟ್ಟ ಸಿ.ಡಿ. ಭಾವನ ಕೊನೆಯ ನಾಟಕದ್ದು. ಭಾವ ಅಂದರೆ ಅಕ್ಕನ ಗಂಡ. ಹಳೆಯ ಹಾಸ್ಯ ನಾಟಕವೊಂದರಲ್ಲಿ ಆಳಿನ ಪಾತ್ರ ಮಾಡಿ ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದವರು. ಕೊನೆಯ ಸಲ ಆ ಪಾತ್ರ ಮುಗಿಸಿ ಒಳಗೆ ಹೋದವರೇ ಬಣ್ಣದ ಕೋಣೆಯಲ್ಲಿ ಎದೆ ಹಿಡಿದುಕೊಂಡು ಬಿದ್ದಿದ್ದರು. ಮತ್ತೆ ಏಳಲಿಲ್ಲ. ಅಕ್ಕ ಆ ದಿನ ಜ್ವರವೆಂದು ಮನೆಯಲ್ಲೇ ಮಲಗಿದ್ದಳು.

ಬಾವಿಯ ರಾಟೆ ಕಿರ್‍ರ್... ಅಂದಿತು. ಹಗ್ಗವಿಲ್ಲದ ರಾಟೆ. ಗಾಳಿಯೂ ಇರಲಿಲ್ಲ. ಅದರ ಹಿಂದೆಯೇ ಸಣ್ಣದೊಂದು ಕೆಮ್ಮು... ಹ್ಹುಂ. ರಂಗಕ್ಕೆ ಕಾಲಿಡುವ ಮೊದಲು ಭಾವ ಕೆಮ್ಮುತ್ತಿದ್ದದ್ದು ಹಾಗೆಯೇ. ಅಕ್ಕ ತಿರುಗಿ ನೋಡಲಿಲ್ಲ. ಎದ್ದೆನೋ ಬಿದ್ದೆನೋ ಅಂತ ಮನೆ ಸೇರಿದಳು.

ಮನೆಯಲ್ಲಿ ಅತ್ತೆ. ಕಣ್ಣು ಮಂಜು, ವರ್ಷಗಳಿಂದ ಹಾಸಿಗೆ ಬಿಟ್ಟು ಎದ್ದವರಲ್ಲ. ಮಗನ ದನಿಯಾದರೂ ಕೇಳಲಿ ಎಂದು ಅಕ್ಕ ಅವರ ಕೋಣೆಯಲ್ಲೇ ಟಿ.ವಿ. ಇಟ್ಟು ಸಿ.ಡಿ. ಹಾಕಿದಳು.

ನಾಟಕ ಚೆನ್ನಾಗಿಯೇ ಓಡಿತು. ಯಜಮಾನ ಹೆದರಿ ಪೆಟ್ಟಿಗೆಯೊಳಗೆ ಅಡಗಿದ್ದಾನೆ. ಹುಡುಕಿಕೊಂಡು ಬಂದ ಬೀಗರಿಗೆ ಭಾವ ಬಾಗಿಲಿಗೆ ಅಡ್ಡ ನಿಂತು ಹೇಳಿದರು: "ಯಜಮಾನರು ಮನೇಲಿಲ್ಲ. ಬೇಕಾದ್ರೆ ಅವರನ್ನೇ ಕೇಳಿ!"

ಸಭೆ ಗೊಳ್ಳೆಂದಿತು. ನಗು ಇಳಿಯಿತು. ಇನ್ನು ಭಾವ "ನಾನು ಬರ್ತೀನಿ" ಅಂದು ಒಳಗೆ ಹೋಗಬೇಕು. ಒಳಗೆ... ಬಣ್ಣದ ಕೋಣೆಗೆ.

ಹೋಗಲಿಲ್ಲ. ನಿಂತೇ ಇದ್ದರು.

ಸಿ.ಡಿ. ಸಿಕ್ಕಿಕೊಂಡಿತೇ? ಇಲ್ಲ. ಹಿಂದಿನ ಪರದೆ ಅಲುಗುತ್ತಿತ್ತು. ಪೆಟ್ಟಿಗೆಯ ಮುಚ್ಚಳ ಟಕ್... ಟಕ್... ಎನ್ನುತ್ತಿತ್ತು. ಭಾವನ ಹಣೆಯಿಂದ ಬೆವರಿಳಿದು ಮುಖದ ಬಣ್ಣ ಕದಡುತ್ತಿತ್ತು. ಕಣ್ಣು ನೇರ ಅಕ್ಕನ ಮೇಲೆ.

"ಯಾಕೆ ಸುಮ್ನಾದ?" ಅತ್ತೆ ಪಿಸುಗುಟ್ಟಿದರು.

"ನಿಂತಿದಾರೆ ಅತ್ತೆ... ನನ್ನನ್ನೇ ನೋಡ್ತಿದಾರೆ."

"ಎಲ್ಲರೂ ನಕ್ಕು ಮುಗಿಸೋವರೆಗೂ ಮುಂದಿನ ಮಾತು ಎತ್ತಬೇಡ ಅಂತ ಅವನಿಗೆ ಅವರಪ್ಪ ಹೇಳ್ಕೊಟ್ಟಿದ್ರು. ನೀನು ನಕ್ಕೆಯಾ?"

ಅಕ್ಕ ನಕ್ಕಿರಲಿಲ್ಲ. ಯಾವತ್ತೂ ನಕ್ಕವಳಲ್ಲ. ಮನೆಯಲ್ಲಿ ಭಾವ ಆ ಮಾತು ಹೇಳಿದಾಗಲೆಲ್ಲ "ಸಾಕು ಮಾಡ್ರೀ, ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ" ಅನ್ನುತ್ತಿದ್ದಳು. ಈಗಂತೂ ಹಲ್ಲು ಕಚ್ಚಿ ಕೂತಳು. ನಕ್ಕರೆ ಅವರು ಒಳಗೆ ಹೋಗುತ್ತಾರೆ. ಹೋದರೆ ಮುಗಿಯಿತು. ನಗದಿದ್ದರೆ... ಇಲ್ಲೇ ಇರುತ್ತಾರಲ್ಲ!

ಹೊತ್ತು ಜಾರಿತು. ಭಾವನ ಕೈ ಮೆಲ್ಲಗೆ ಎದೆಯ ಮೇಲೆ ಹೋಯಿತು. ಉಸಿರು ಸುಂಯ್... ಸುಂಯ್... ಅದು ಟಿ.ವಿ.ಯಿಂದಲ್ಲ, ಕೋಣೆಯೊಳಗಿಂದಲೇ ಕೇಳಿಸುತ್ತಿತ್ತು.

"ನೋವಾಗ್ತಿದೆ ಕಣೇ ಅವನಿಗೆ," ಅಂದರು ಅತ್ತೆ. "ಎಷ್ಟೊತ್ತು ಅಂತ ನಿಲ್ಲಿಸ್ತೀಯ? ಕಳಿಸಿಕೊಡೇ..."

ಅಕ್ಕ ಬಾಯಿ ತೆರೆದು "ಹ್ಹ ಹ್ಹ" ಎಂದಳು. ಭಾವ ಕದಲಲಿಲ್ಲ. ಹಾಸ್ಯಗಾರನಿಗೆ ಸುಳ್ಳು ನಗು ಗೊತ್ತಾಗದೇ ಇರುತ್ತದೆಯೇ? ಅವರು ಕೋಟಿನ ಗುಂಡಿಯೊಂದನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರು. ಕರಿ ಕೋಟಿಗೆ ಅಕ್ಕ ಅವಸರದಲ್ಲಿ ಹೊಲಿದಿದ್ದ ಹಸಿರು ಗುಂಡಿ. 'ನಿನ್ನ ಕೆಲಸ ನೋಡು' ಎನ್ನುವ ಹಾಗೆ ಹುಬ್ಬು ಹಾರಿಸಿದರು. ಮನೆಯಲ್ಲೂ ಹಾಗೆಯೇ ರೇಗಿಸುತ್ತಿದ್ದರು.

ಅಕ್ಕನಿಗೆ ನಗು ಬಂತು. ಕಣ್ಣೀರು ಸುರಿಯುತ್ತಿದ್ದರೂ ತಡೆಯಲಾಗದ ನಗು. ಅದು ಪೂರ್ತಿ ನಿಲ್ಲುವವರೆಗೂ ಭಾವ ಕಾದರು. "ನಾನು ಬರ್ತೀನಿ" ಅಂದರು. ಒಳಗೆ ಹೋದರು.

ಮಾರನೆಯ ದಿನವೇ ಅಕ್ಕ ಸಿ.ಡಿ.ಯನ್ನು ಕಂಪನಿಗೆ ವಾಪಸ್ ಕೊಟ್ಟಳು. ಅಲ್ಲಿ ಎಲ್ಲರೂ ಕೂತು ನೋಡಿದ್ದಾರೆ. ನಾನೂ ನೋಡಿದ್ದೇನೆ, ದೇವರಾಣೆ. ಭಾವ ಅಷ್ಟು ಹೊತ್ತು ನಿಲ್ಲುವುದೇ ಇಲ್ಲ. ಆದರೆ ಸಭೆಯ ನಗು ಇಳಿದ ಮೇಲೆ ಒಬ್ಬ ಹೆಂಗಸಿನ ನಗು ಮಾತ್ರ ಉಳಿಯುತ್ತದೆ... ಅರ್ಧ ಅಳು. ಸರಿ, ಅವತ್ತು ನಾಟಕಕ್ಕೆ ಬಂದಿದ್ದವರಲ್ಲಿ ಯಾರೋ ನಕ್ಕಿರಬಹುದು ಅನ್ನಿ. ಆದರೆ ಅದಕ್ಕೂ ಮೊದಲು, ಕಿವಿಗೊಟ್ಟು ಕೇಳಿದರೆ, ಮುದುಕಿಯೊಬ್ಬಳು ಪಿಸುಗುಟ್ಟುತ್ತಾಳೆ.

"ಕಳಿಸಿಕೊಡೇ..."