ಒಳಗೆ ಬರೋ ಕರೆಗೆ ಚೀಟಿ ಇಲ್ಲ

...ಹಂಗಲ್ಲ ಕಣೋ ನಾಗಭೂಷಣ, ಮಿಷಿನ್ನ ನಂಬಬ್ಯಾಡ ಅಂತ ನಾನು ಹೇಳೋದು ಅದಕ್ಕೇ. ಇನ್ನೊಂದು ತಿಂಗಳು ತಡಿ, ಡಿಸೆಂಬರ್ ಮೂವತ್ತೊಂದು ಬರ್ಲಿ. ಎರಡು ಸಾವಿರದ ಇಸವಿ ಬರ್ಕಳ್ಳಾಕೆ ಕಂಪ್ಯೂಟರ್‌ಗೆ ಬರಲ್ಲಂತೆ. ಎರಡು ಸೊನ್ನೆ ನೋಡಿದ್ ಕೂಡ್ಲೆ ನೂರು ವರ್ಷ ಹಿಂದಕ್ಕೆ ಓಡ್ತಾವಂತೆ. ಪೇಪರ್‌ನಾಗೇ ಬಂದೈತೆ. ವಿಮಾನ ನಿಲ್ತಾವೆ, ಕರೆಂಟ್ ಹೋಗ್ತೈತೆ, ಟೆಲಿಫೋನಂತೂ... ಯಾಕೆ ನಗ್ತೀಯಾ? ನಗ್ಲಿಲ್ವಾ? ನಕ್ಕಂಗಾತು.

ಕೂತ್ಕ. ಮಿಲಿಟ್ರಿಯೋರಿಗೆ ನಿಂತು ನಿಂತು ಅಭ್ಯಾಸ, ಗೊತ್ತು. ಆದ್ರೂ ಬೆಂಚ್ ಐತಲ್ಲ, ಕೂತ್ಕ. ಫೋನ್ ಮಾಡ್ಬೇಕಿತ್ತಾ? ಬ್ಯಾಡ್ವಾ. ಪೇಪರ್? ಅದೂ ಬ್ಯಾಡ. ಸರಿ ಬಿಡು, ಸುಮ್ನೆ ಬಂದಿದೀಯಾ. ತಳಕಿನ ಬಸ್‌ಸ್ಟ್ಯಾಂಡಿಗೆ ಬಂದೋರೆಲ್ಲ ನನ್ನ ಎಸ್.ಟಿ.ಡಿ. ಬೂತ್‌ನಾಗೆ ಒಂದು ಗಳಿಗೆ ಕೂತು ಹೋಗೋರೇ. ರಜದ ಮ್ಯಾಲೆ ನಿನ್ನೆ ಸಂಜೆ ಬಂದೆಯಂತೆ. ಹಟ್ಟಿಗೆ ಹೋಗಿ ನಿಮ್ಮವ್ವನ ಹತ್ರ ಮಾತಾಡಿರ್ತೀಯಾ. ಏನಂದ್ಳು?

ಏನೂ ಅನ್ಲಿಲ್ವಾ.

ನನ್ನ ಬಗ್ಗೆ... ಅಲ್ಲ, ಈ ಮದುವೆ ಬಗ್ಗೆ. ಆ ಶೃತಿ ಮದುವೆ ಬಗ್ಗೆ ಏನಾದ್ರೂ ಅಂದ್ಲಾ ಅಂತ. ನೋಡಪ್ಪ, ನೀನು ವೀಳ್ಯ ಮಾಡ್ಕಂಡಿದ್ದ ಹುಡುಗಿ ಇನ್ನೊಬ್ಬರ ಮನೆ ಸೇರಿದ್ಲು ಅಂದ್ರೆ ನಂಗೂ ಹೊಟ್ಟೆ ಉರೀತೈತೆ. ನಿಮ್ಮಪ್ಪ ಕ್ಯಾತಪ್ಪ ಬದುಕಿದ್ದಿದ್ರೆ ಹಿಂಗಾಗಾಕೆ ಬಿಡ್ತಿರ್ಲಿಲ್ಲ. ಆದ್ರೆ ಇದಕ್ಕೆ ಯಾರು ಹೊಣೆ ಹೇಳು. ಸರ್ಕಾರ. ಯುದ್ಧ ಮಾಡೋ ಸರ್ಕಾರಕ್ಕೆ, ಇಂಥೋನು ಇಂಥಲ್ಲಿ ಅದಾನೆ, ಸುಖವಾಗಿದಾನೆ ಅಂತ ಹೆತ್ತವ್ವಗೆ ಒಂದು ಮಾತು ತಿಳಿಸಾಕೆ ಆಗಲ್ವಾ? ಆಕಾಶದಾಗೆ ಉಪಗ್ರಹ ಬಿಡ್ತಾರಂತೆ, ಮೇಲಿಂದ ನೋಡಿದ್ರೆ ನಮ್ಮ ಕುರಿ ಎಣಿಸ್ಬಹುದಂತೆ. ಏನು ಬಂತು.

ಹಟ್ಟಿಯೋರು ಒಬ್ಬೊಬ್ರು ಒಂದೊಂದು ಹೇಳಿರ್ತಾರೆ. ಅದನ್ನೆಲ್ಲ ಕಟ್ಕಬ್ಯಾಡ. ನಡೆದದ್ದು ನಡೆದಂಗೆ ನಾನು ಹೇಳ್ತೀನಿ ಕೇಳು. ನಾನು ಕಣ್ಣಾರೆ ಕಂಡೋನು.

ಸಂಕ್ರಾಂತಿಗೆ ನೀನು ಬಂದು ವೀಳ್ಯ ಮಾಡ್ಕಂಡು ಹೋದ್ಯಲ್ಲ, ಅವತ್ತಿಂದ ನಿಮ್ಮವ್ವ ತಿಪ್ಪೇರುದ್ರಮ್ಮನ ನಡಿಗೇನೇ ಬ್ಯಾರೆ ಆತು. ಕುರಿ ಹಿಂದೆ ಹೋಗೋವಾಗ್ಲೂ ತಲೆ ಎತ್ತಿ ನಡಿಯೋಳು. ಮೊಳಕಾಲ್ಮೂರಿಗೆ ಬಸ್ಸಿನಾಗೆ ಹೋಗಿ, ನೇಕಾರರ ಮನೆ ಬಾಗಿಲಾಗೇ ಕೂತು, ಮಗ್ಗದಿಂದ ಇಳಿದ ಸೀರೆ ತಂದ್ಳು. ಎಲೆಹಸಿರು ಮೈ, ಕೆಂಪು ಅಂಚು. ಸೊಸೆಗೆ. ಜಲ್ಮದಾಗೆ ತಾನೊಂದು ರೇಷ್ಮೆ ಉಟ್ಟೋಳಲ್ಲ. ಬರೋವಾಗ ಇಲ್ಲಿಳಿದು ನಂಗೂ ತೋರಿಸಿದ್ಳು, ಕೈ ತೊಳ್ಕಂಡು ಮುಟ್ಟು ಮುರುಗೇಶಪ್ಪ ಅಂದ್ಳು. ಅಧಿಕ ಮಾಸ ಕಳೀಲಿ, ನಮ್ಮ ನಾಗಂಗೆ ರಜ ಸಿಗ್ತೈತೆ, ಮದುವೆ ಮಾಡ್ತೀನಿ ಅಂತ ಒಂದೇ ಜಪ.

ಅಷ್ಟ್ರಾಗೆ ಕಾರ್ಗಿಲ್ ಬಂತು.

ಪೇಪರ್ ಓದಿದ್ದು ನಾನೇ. ಓದ್ದೆ ಇನ್ನೇನು ಮಾಡ್ಲಿ, ಊರಾಗೆ ಗಟ್ಟಿಯಾಗಿ ಓದೋನು ನಾನೊಬ್ಬ. ಬೆಳಿಗ್ಗೆ ಬಸ್ಸಿಗೆ ಪೇಪರ್ ಕಟ್ಟು ಬಿದ್ರೆ ಸಾಕು, ಅಂಗಡಿಯೋರು, ಸಂತೆಯೋರು, ಇಸ್ಕೂಲ್ ಮೇಷ್ಟ್ರು, ಎಲ್ಲ ಇಲ್ಲೇ. ಪಾಕಿಸ್ತಾನಕ್ಕೆ ಏನು ಮಾಡ್ಬೇಕು, ಅಮೇರಿಕ ಯಾರ ಕಡೆ, ಬಾಂಬ್ ನಮ್ದು ದೊಡ್ಡದಾ ಅವ್ರದಾ, ಒಂದು ಚಾ ಮುಗಿಯೋದ್ರಾಗೆ ಎಲ್ಲ ತೀರ್ಮಾನ ಆಗ್ತಿತ್ತು. ನಮ್ಮೂರು ಸೀಮೆಯಿಂದ ಮಿಲಿಟ್ರಿಗೆ ಹೋದೋನು ನೀನೊಬ್ಬನೇ. ಹಂಗಾಗಿ ಎಲ್ರ ಬಾಯಾಗೂ ನಿನ್ನ ಹೆಸ್ರು. ನಮ್ಮ ನಾಗಭೂಷಣ ಗುಡ್ಡದ ತುದೀಲಿ ಅದಾನೆ, ಹಿಮದಾಗೆ ಬಂದೂಕು ಹಿಡ್ದು ನಿಂತಾನೆ ಅಂತ...

ಯಾರು ಹೇಳಿದ್ರು? ನಂಗೆ ನೆನಪಿಲ್ಲ. ಮಿಲಿಟ್ರಿ ಅಂದ್ಮ್ಯಾಲೆ ಯುದ್ಧದಾಗೆ ಇರ್ದೆ ಇನ್ನೆಲ್ಲಿರ್ತಾರೆ. ಹಂಗೆ ನೋಡ್ಬ್ಯಾಡ. ನಾನೇ ಹೇಳಿದ್ದು ಅನ್ಕ. ಊಹೆ ಮಾಡೋದು ತಪ್ಪಾ?

ಅದು ಹಟ್ಟಿ ತಲುಪ್ತು. ಮಾರನೇ ದಿನ ನಿಮ್ಮವ್ವ ಮೂರು ಮೈಲಿ ನಡ್ಕಂಡು ಬಂದ್ಳು. ನೀನು ನಂಬರ್ ಕೊಟ್ಟಿದ್ದು ಇದೊಂದೇ ಅಲ್ವಾ, ಅರ್ಜೆಂಟಿದ್ರೆ ಮುರುಗೇಶಣ್ಣನ ಬೂತಿಗೆ ಮಾಡ್ತೀನಿ ಅಂದಿದ್ದೆ. ಅಗೋ, ಆ ಬೇವಿನ ಬುಡದ ಕಲ್ಲಿನ ಮ್ಯಾಲೆ ಕೂರೋಳು. ಕುರೀನ ಮೈದುನನ ವಶಕ್ಕೆ ಬಿಟ್ಟು ದಿನಾ ಬಂದ್ಳು. ಒಂದು ಮುದ್ದೆ ಬಟ್ಟೇಲಿ ಕಟ್ಕಂಡು ಬರೋಳು, ಅದನ್ನ ಬಿಚ್ಚಿದ್ದು ನಾನು ಕಂಡಿಲ್ಲ. ಫೋನ್ ರಿಂಗಾದ್ರೆ ಸಾಕು, ಎದ್ದು ನಿಂತು ತಲೆ ಮ್ಯಾಲೆ ಸೆರಗು ಹಾಕ್ಕಳೋಳು, ದೊಡ್ಡೋರು ಯಾರೋ ಮನೆಗೆ ಬಂದಂಗೆ. ನಾನು ನಿಂದಲ್ಲಮ್ಮ ಅಂತ ಕೈಯಾಡಿಸಿದ್ರೆ ಹಂಗೇ ಕೂರೋಳು. ಒಂದು ಸಾರೀನೂ ಬೇಜಾರು ಮಾಡ್ಕಳ್ಳಿಲ್ಲ. ಮಗ ಬಿಡುವಾಗಿಲ್ಲ, ಯುದ್ಧ ಮಾಡ್ತಾನಲ್ಲ ಪಾಪ ಅಂತ ನಂಗೇ ಸಮಾಧಾನ ಹೇಳೋಳು.

ಆಮ್ಯಾಲೆ ಆ ಫೋಟೋ ಸಮಾಚಾರ. ಅದನ್ನೂ ಹೇಳಿರ್ತಾರೆ ನಿಂಗೆ. ನಮ್ಮ ಮುಖಂಡರು ಕಲ್ಲೇಶಪ್ಪ, ಎಲೆಕ್ಷನ್ ಹತ್ರ ಬಂದಿತ್ತಲ್ಲ, ಚಳ್ಳಕೆರೆಯಿಂದ ಒಬ್ಬ ಪೇಪರ್‌ನೋನ್ನ ಕರ್ಕಂಡು ಹಾರ ತಗಂಡು ಬಂದ್ರು. ವೀರಯೋಧನ ತಾಯಿಗೆ ಸನ್ಮಾನ ಅಂತ. ಇದೇ ಬೂತಿನ ಮುಂದೆ. ಜನ ಅಂದ್ರೆ ಜನ, ಬಸ್ಸು ನಿಲ್ಲಾಕೂ ಜಾಗ ಇರ್ಲಿಲ್ಲ. ನಾನೂ ಎರಡು ಮಾತಾಡಿದೆ ಮೈಕಿನಾಗೆ. ಪೇಪರ್‌ನೋನು, ತಾಯಿ ಮಗನ ಜೊತೆ ಮಾತಾಡೋ ಹಂಗೆ ಒಂದು ಪಟ ಬೇಕು ಅಂದ. ನಾನು ರಿಸೀವರ್ ಎತ್ತಿ ಅವಳ ಕೈಗೆ ಕೊಟ್ಟೆ. ಸುಮ್ನೆ ಹಿಡ್ಕಳಮ್ಮ ಅಂದೆ. ಅವಳಿಗೇನು ಗೊತ್ತು. ಕಿವಿಗಿಟ್ಕಂಡು, "ಮಗಾ, ಉಂಡೇನೋ?" ಅಂತ ಕೇಳಿದ್ಳು. ಎರಡು ಸಾರಿ ಕೇಳಿದ್ಳು. ಆ ಕಡೆ ಯಾರಿದ್ರು, ಬರೀ ಗುಂಯ್ ಅನ್ನೋ ಸದ್ದು. ಅದೇ ಹೊತ್ತಿಗೆ ಪಟ ಹೊಡ್ದ.

ಸೋಮವಾರ ಪೇಪರ್‌ನಾಗೆ ಬಂತು. ನಮ್ಮ ಬೋರ್ಡು ಕಾಣ್ಸೋ ಹಂಗೆ, ನನ್ನ ಹೆಸ್ರು ಸಮೇತ. ಅವತ್ತು ನಾನು ಇಪ್ಪತ್ತು ಪೇಪರ್ ಜಾಸ್ತಿ ತರಿಸಿದ್ದೆ, ಹತ್ತು ಗಂಟೆಗೆಲ್ಲ ಖಾಲಿ.

ಏನು? ಅವತ್ತಿಂದ ಮದುವೆವರೆಗೂ ಏನಾತು ಅಂತಲಾ? ಏನಾಗ್ತೈತೆ. ಲೈನ್ ಸತ್ತೋತು. ಹೆದ್ದಾರಿ ಪಕ್ಕ ಗುಂಡಿ ತೋಡೋರು ಕೇಬಲ್ ಕಡಿದ್ರೋ ಏನೋ. ಎಂಟು ದಿನ ಉಸಿರಿಲ್ಲ. ಕಂಪ್ಲೇಂಟ್ ಕೊಟ್ಟೆ, ಕೇಳೋರಿಲ್ಲ. ನೀನು ಮಾಡಿದ್ರೂ ತಗಲ್ತಿರ್ಲಿಲ್ಲ. ಮಾಡಿದ್ದೆ ಅಂತ ನಾನೇನು ಹೇಳ್ತಿಲ್ಲ. ಮಾಡಿದ್ರೆ ಅಂತ ಮಾತಿಗೆ ಹೇಳ್ದೆ. ಅದೂ ಅಲ್ದೆ, ಈ ಮಿಷಿನ್ ನೋಡು, ಇಲ್ಲಿಂದ ಹೊರಗೆ ಮಾಡಿದ್ರೆ ಚೀಟಿ ಬರ್ತೈತೆ, ಎಲ್ಲಿಗೆ, ಎಷ್ಟೊತ್ತು, ಎಲ್ಲಾನೂ. ಒಳಗೆ ಬರೋ ಕರೆಗೆ ಚೀಟಿ ಇಲ್ಲ. ಬಂತು ಅಂತ ಯಾರೂ ತೋರ್ಸಾಕೆ ಆಗಲ್ಲ, ಬರ್ಲಿಲ್ಲ ಅಂತಾನೂ ತೋರ್ಸಾಕೆ ಆಗಲ್ಲ.

ಯಾಕೆ ಹಂಗೆ ನೋಡ್ತೀಯಾ? ನಾನೇನು ಕೋರ್ಟಿನಾಗೆ ನಿಂತೀನಾ.

ಮದುವೆ ಕಥೆ ಕೇಳು. ಶೃತಿ ಅಪ್ಪ ಮಾರಯ್ಯ ಐತಲ್ಲ, ಅದು ಹೆದರುಪುಕ್ಕಲ ಪ್ರಾಣಿ. ಪೇಪರ್‌ನಾಗೆ ದಿನಾ ಹೆಣದ ಪೆಟ್ಟಿಗೆ ಪಟ ನೋಡಿ ನೋಡಿ ನಿದ್ದೆ ಬಿಟ್ಟಿತ್ತು. ಅಷ್ಟ್ರಾಗೆ ರಾಯದುರ್ಗದ ಕಡೆಯಿಂದ ಒಂದು ಗಂಡಿನ ಮನೆಯೋರು ಬಂದ್ರು. ಆಷಾಢ ಹುಟ್ಟೋದ್ರೊಳಗೆ ಆಗ್ಬೇಕು, ಇಲ್ದಿದ್ರೆ ಬ್ಯಾರೆ ಕಡೆ ನೋಡ್ತೀವಿ ಅಂದ್ರಂತೆ. ತಾಳಿ ಕಟ್ಟಿಸ್ಕಂಡು ತಿಂಗಳಿಗೇ ಮಗಳು ಕುಂಕುಮ ಅಳಿಸ್ಕಳೋದು ಬ್ಯಾಡ ಅಂತ ಮಾರಯ್ಯ ಒಪ್ಪಿಗೆ ಕೊಡೋ ಹಂಗಾತು. ಹುಡುಗಿ ಒಪ್ಪಲಿಲ್ಲ. ನಿಜ ಹೇಳ್ತೀನಿ, ಹುಡುಗಿ ಹಟ ಹಿಡೀತು. ನಾಗಭೂಷಣ ಬದುಕವ್ರೆ ಅಂತ ಒಂದು ಮಾತು ಬಂದ್ರೆ ಸಾಕು, ಈ ವರ್ಷ ಅಲ್ಲ ಬರೋ ವರ್ಷದ ತಂಕ ಕಾಯ್ತೀನಿ, ಹೋಗಿ ಕೇಳ್ಕಂಡು ಬಾ ಅಂತ ಅಪ್ಪನ್ನ ಅಟ್ಟಿದ್ಳು.

ಮಾರಯ್ಯ ಬಂತು. ಶುಕ್ರವಾರ. ಮಾತು ಬಂದಿರ್ಲಿಲ್ಲ, ಬಂದಿಲ್ಲ ಅಂದೆ. ಹೋತು. ಮುಂದಿನ ಬುಧವಾರ ಮದುವೆ.

ನಿಮ್ಮವ್ವನೂ ಹೋಗಿದ್ಳು. ಯಾರೂ ಕರ್ದಿರ್ಲಿಲ್ಲ, ಹೆಂಗೆ ಕರೀತಾರೆ ಪಾಪ. ಆ ಹಸಿರು ಸೀರೆ ಕಂಕುಳಾಗೆ ಇಟ್ಕಂಡು ಹೋಗಿ ಚಪ್ಪರದ ಕೆಳಗೆ ಹುಡುಗಿ ಮಡಿಲಿಗೆ ಹಾಕಿದ್ಳಂತೆ. "ನಿಂಗೆ ಅಂತಲೇ ತಂದಿದ್ದವ್ವ, ಉಟ್ಕ" ಅಂದ್ಳಂತೆ. ಹುಡುಗಿ ಅವಳ ಕಾಲಿಗೆ ಬಿದ್ದು ಏಳ್ಲೇ ಇಲ್ವಂತೆ. ಊಟಕ್ಕೆ ನಿಲ್ದೆ ನಡ್ಕಂಡು ಹಟ್ಟಿಗೆ ಬಂದ್ಳು. ಮಾರನೇ ದಿನ ನೋಡಿದ್ರೆ ಮತ್ತೆ ಅದೇ ಕಲ್ಲಿನ ಮ್ಯಾಲೆ ಕೂತಾಳೆ. ಮಗ ಬದುಕಿದ್ರೆ ಸಾಕು ಮುರುಗೇಶಪ್ಪ, ಹೆಣ್ಣು ಇನ್ನೊಂದು ಸಿಗ್ತೈತೆ ಅಂದ್ಳು. ಆಷಾಢದಾಗೆ ನಿನ್ನ ಕಾಗದ ಬರೋ ತಂಕ ಹಂಗೇ ಬಂದು ಬಂದು ಕೂತ್ಳು. ಮೂವತ್ತೊಂದು ದಿನ. ನಂಗೆ ಲೆಕ್ಕ ಐತೆ... ಯಾಕೆ ಐತೆ ಅಂದ್ರೆ, ಐತೆ.

ನಾನು ಎಷ್ಟು ಸಾರಿ ಅಂದ್ಕಂಡೆ, ಇವತ್ತು ಹೇಳ್ಬಿಡಾಣ, ಆ ಮರಳುಗಾಡಿನಾಗೆ ಲಾರಿ ಓಡಿಸ್ಕಂಡು ಚೆನ್ನಾಗದಾನೆ ಕಣಮ್ಮ ಅಂತ...

ಕಾಗದದಾಗೆ ಬರ್ದಿದ್ಯಲ್ಲ. ಮರಳುಗಾಡು, ಲಾರಿ, ಅದೆಲ್ಲ.

ಕಾಗದ ಓದಿದ್ದು ನಾನಲ್ಲ, ನಿಜ. ಇಸ್ಕೂಲ್ ಮೇಷ್ಟ್ರು ಓದಿದ್ದು, ಹಟ್ಟಿಯಾಗೆ. ಮೇಷ್ಟ್ರು ಹೇಳಿದ್ರು ನಂಗೆ. ಅಲ್ಲ, ಕಾಗದ ಬಂದದ್ದು ಆಮ್ಯಾಲೆ. ಅದಕ್ಕೆ ಮುಂಚೆ ನಂಗೆ ಹೆಂಗೆ... ತಡಿ, ನೀನು ಮಾತು ತಿರುಗಿಸ್ಬ್ಯಾಡ.

ನೀನು ಮಾತೇ ಆಡಿಲ್ಲ.

ಬಂದಾಗಿಂದ ಒಂದು ಮಾತು ಆಡಿಲ್ಲ ನೀನು. ಬೈಯಾಕಾದ್ರೂ ಬೈಯೋ. ನಿಮ್ಮವ್ವನೂ ಹಿಂಗೇ ಮಾಡಿದ್ಳು. ಕಾಗದ ಓದಿಸ್ಕಂಡ ದಿನ ಮಧ್ಯಾಹ್ನ ಬಂದ್ಳು. ಬೇವಿನ ಬುಡಕ್ಕೆ ಹೋಗ್ಲಿಲ್ಲ, ಇಲ್ಲಿ, ನೀನು ಕೂತಿರೋ ತಾವ ಬಂದು ನಿಂತ್ಳು. ಮಂಗಳವಾರ ಫೋನ್ ಮಾಡಿ ಮುರುಗೇಶಣ್ಣಂಗೆ ಎಲ್ಲ ಹೇಳಿದ್ನಲ್ಲವ್ವ ಅಂತ ನೀನು ಅದ್ರಾಗೆ ಬರ್ದಿದ್ದೆಯಂತೆ. ಅವಳು ಕೇಳ್ಲಿಲ್ಲ. ನನ್ನ ಮುಖ ನೋಡಿದ್ಳು, ಫೋನ್ ನೋಡಿದ್ಳು, ಹೋದ್ಳು. ಅವತ್ತಿಂದ ಈ ಕಡೆ ಹಾಯ್ದಿಲ್ಲ. ನಾಕು ತಿಂಗಳಾತು. ಸಂತೆಗೆ ಬಂದ್ರೂ ಆ ಕಡೆ ರಸ್ತೆಯಾಗೆ ಹೋಗ್ತಾಳೆ. ಊರಾಗೆ ಯಾರ ಹತ್ರಾನೂ ಅಂದಿಲ್ಲ. ಅಂದಿದ್ರೆ ನಂಗೆ ನಿದ್ದೆ ಬರ್ತಿತ್ತೋ ಏನೋ.

ಲೈನ್ ಸತ್ತಿರ್ಲಿಲ್ಲ.

ಪೇಪರ್‌ನಾಗೆ ಪಟ ಬಂದ ಮಾರನೇ ದಿನ, ಬೆಳಿಗ್ಗೆ. ಬಾಗ್ಲಿಗೆ ನೀರೂ ಹಾಕಿರ್ಲಿಲ್ಲ. ನಿನ್ನ ದನಿ ಬಾವಿಯೊಳಗಿಂದ ಬಂದಂಗೆ ಬರ್ತಿತ್ತು. ರಾಜಸ್ಥಾನದ ಕಡೆ ಇದೀನಣ್ಣ, ರೇಷನ್ ಲಾರಿ ಓಡಿಸ್ತೀನಿ, ಗುಂಡಿನ ಸದ್ದೂ ಕೇಳಿಲ್ಲ, ಅವ್ವಂಗೆ ಹೇಳು, ಮಾರಯ್ಯ ಮಾವಂಗೂ ಹೇಳು, ರಜ ಮುಂದೆ ಹೋಗೈತೆ ಅಷ್ಟೇ ಅಂದೆ. ನಾನು ಆಗ್ಲಿ ಅಂದೆ. ಫೋನ್ ಇಟ್ಟೆ. ಗೋಡೆ ಮ್ಯಾಲೆ ಆ ಪಟ ಅಂಟಿಸಿದ್ದೆ ನೋಡು, ಹಿಮದ ಮ್ಯಾಲೆ ಹೋರಾಡೋ ಮಗ ಅಂತ. ಮೈಕಿನಾಗೆ ಹೇಳಿದ್ದು ನಾನೇ. ಈಗ ಲಾರಿ ಅಂದ್ರೆ ಜನ ಏನಂತಾರೆ? ಬೂತಿನ ಮುರುಗೇಶ ಬುರುಡೆ ಬಿಟ್ಟ ಅಂತ ಬಸ್‌ಸ್ಟ್ಯಾಂಡ್ ಪೂರ್ತಿ ನಗಲ್ವಾ? ಎರಡು ದಿನ ಬಿಟ್ಟು ಹೇಳಾಣ ಅಂದ್ಕಂಡೆ. ಅಷ್ಟೇ ಕಣೋ. ಎರಡೇ ದಿನ ಅಂದ್ಕಂಡಿದ್ದು. ನಿಮ್ಮವ್ವ ಅವತ್ತು ಒಂಬತ್ತು ಗಂಟೆಗೆ ಬಂದು, ಏನಾದ್ರೂ ಬಂತಾ ಅಂದ್ಳು. ಇಲ್ಲ ಅಂದೆ. ಒಂದು ಸಾರಿ ಇಲ್ಲ ಅಂದ್ಮ್ಯಾಲೆ ಐತೆ ಅನ್ನಾಕೆ ಬಾಯಿ ಬರ್ಲಿಲ್ಲ.

ಮಾರಯ್ಯ ಇದೇ ಬೆಂಚಿನ ಮ್ಯಾಲೆ ಕೂತಿತ್ತು. ಮೂರು ಸಾರಿ ಕೇಳ್ತು. ಸರಿಯಾಗಿ ನೆನಪು ಮಾಡ್ಕ ಮುರುಗೇಶಪ್ಪ, ಬ್ಯಾರೆ ಯಾರ ಕೈಲಾದ್ರೂ ಹೇಳಿ ಕಳಿಸವ್ನಾ, ಮಗಳು ಅನ್ನ ಬಿಟ್ಟೈತೆ ಅಂತು. ಮೂರು ಸಾರೀನೂ ಇಲ್ಲ ಅಂದೆ.

ಎದ್ಯಾ? ಎಲ್ಲಿಗ್ಹೋಗ್ತೀಯಾ? ನಿಲ್ಲು ನಾಗಭೂಷಣ. ಇನ್ನೊಂದು ಐತೆ, ಅದು ನಿಮ್ಮವ್ವಗೂ ಗೊತ್ತಿಲ್ಲ. ಮದುವೆ ಹಿಂದಿನ ದಿನ ಆ ಹುಡುಗಿ ತಾನೇ ಬಂದಿದ್ಳು, ಒಬ್ಳೇ, ಬಳೆ ತೊಡಿಸ್ಕಳಾಕೆ ಅಂತ ನೆಪ ಹೇಳಿ. ನನ್ನ ಹತ್ರ ಏನೂ ಕೇಳ್ಲಿಲ್ಲ. ಫೋನ್ ಮುಂದೆ ನಿಂತ್ಳು, ಅದು ರಿಂಗ್ ಆಗ್ತೈತೇನೋ ಅನ್ನೋ ಹಂಗೆ. ಬಸ್ಸು ಬಂತು, ಹತ್ತಿದ್ಳು. ಹತ್ತೋವಾಗ ತಿರುಗಿ, "ನಂಗೊಂದು ಮಾತು ಹೇಳಿ ಕಳಿಸ್ಬೇಕು ಅಂತ ಅವ್ರಿಗೆ ಅನ್ನಿಸ್ಲಿಲ್ಲ ಅಲ್ವಾ ಅಣ್ಣ" ಅಂದ್ಳು.

ನಾನು ಹೂಂ ಅಂದೆ.